ಒಂಬತ್ತು–ಹತ್ತನೇ ಕ್ಲಾಸಿನ ಧರ್ಮೋಪದೇಶ: ಕಟ್ಟಳೆ ಮೊದಲಾ, ಸಂದರ್ಭ ಮೊದಲಾ? ಅನುಭವ ಇದ್ದವರು ಹೇಳಿ

ಮೂಡಿಗೆರೆ ಕಡೆಯವಳು:
ಎಲ್ಲರಿಗೂ ನಮಸ್ಕಾರ. ಜೂನ್‌ನಿಂದ ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ದೊಡ್ಡ ಮಕ್ಕಳ ಧರ್ಮೋಪದೇಶ, ಅಂದರೆ ಕ್ರೈಸ್ತ ಧರ್ಮದ ಪಾಠ, ನನ್ನ ಪಾಲಿಗೆ ಬಂದಿದೆ. 26 ಮಕ್ಕಳು, ಭಾನುವಾರ ಬಲಿಪೂಜೆ (ಮಾಸ್) ಮುಗಿದ ಮೇಲೆ 45 ನಿಮಿಷ. ಅರ್ಧದಷ್ಟು ಮಕ್ಕಳು ಎಸ್ಟೇಟ್ ಲೈನ್‌ಮನೆಗಳಿಂದ ಬರುವವರು. ಹಿಂದಿನವರು ಬೈಬಲ್‌ನ ಹತ್ತು ಕಟ್ಟಳೆ (ದೇವರ ಹತ್ತು ಆಜ್ಞೆ) ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದರು. ನನ್ನ ಮೊದಲ ವಾರವೇ ಒಬ್ಬ ಹುಡುಗ, 'ಅಮ್ಮನ ಔಷಧಿ ತರೋಕೆ ಮೇಸ್ತ್ರಿ ಹತ್ರ ಸುಳ್ಳು ಹೇಳಿ ಅಡ್ವಾನ್ಸ್ ತಂದ್ರೆ ಪಾಪಾನಾ ಮಿಸ್?' ಅಂದ. ನನಗೆ ಉತ್ತರ ಹೊಳೆಯಲಿಲ್ಲ, ಮುಂದಿನ ವಾರ ಹೇಳ್ತೀನಿ ಅಂದೆ. ಕಟ್ಟಳೆಗಳಿಂದ ಶುರು ಮಾಡಲಾ, ಇಂಥ ಸಂದರ್ಭಗಳಿಂದಲಾ? ಹೆಸರು ಬರೆಯದೆ ಚೀಟಿ ಹಾಕುವ ಪ್ರಶ್ನೆಪೆಟ್ಟಿಗೆ ಇಡುವ ಯೋಚನೆಯೂ ಇದೆ.

ನಿವೃತ್ತ ಟೀಚರ್, ಶಿವಮೊಗ್ಗ:
ಸಂದರ್ಭದಿಂದಲೇ ಶುರು ಮಾಡಿ. ನಾನು 23 ವರ್ಷ ಹಾಗೇ ಮಾಡಿದೆ, ಬೆಲೆ ತೆತ್ತಿದ್ದೂ ಅದಕ್ಕೇ. ಮಾಡಿದ ಕೆಲಸ, ಅದರ ಉದ್ದೇಶ, ಆಗಿನ ಸಂದರ್ಭ, ಮೂರೂ ಸರಿಯಿದ್ದರೆ ಮಾತ್ರ ಕೃತ್ಯ ಒಳ್ಳೆಯದು ಅಂತ ಕ್ಯಾಟಿಕಿಸಂ (ನಮ್ಮ ಧರ್ಮಸಭೆಯ ಬೋಧನೆಯ ಪುಸ್ತಕ) 1755ನೇ ಪರಿಚ್ಛೇದದಲ್ಲಿ ಹೇಳುತ್ತದಲ್ಲ, ಅದನ್ನು ಎಸ್ಸೆಸ್ಸೆಲ್ಸಿ ಕಾಪಿ ಹೊಡೆಯುವ ಉದಾಹರಣೆ ಇಟ್ಟುಕೊಂಡೇ ಹೇಳುತ್ತಿದ್ದೆ. ಹಾಲು, ಬೆಲ್ಲ, ಶಾವಿಗೆ ಎಲ್ಲ ಸರಿಯಿದ್ದರೂ ಪಾಯಸಕ್ಕೆ ಒಂದು ಹನಿ ಸೀಮೆಎಣ್ಣೆ ಬಿದ್ದರೆ ಯಾರಾದರೂ ಕುಡಿಯುತ್ತಾರಾ ಅಂತ ಕೇಳಿದರೆ ಮಕ್ಕಳಿಗೆ ತಟ್ಟನೆ ಗೊತ್ತಾಗುತ್ತಿತ್ತು. 2016ರಲ್ಲಿ ಗಣಿತ ಪರೀಕ್ಷೆಯ ದಿನ ಕೊಠಡಿಗೆ ಯಾರೋ ಬಂದು ಒಂದಂಕದ ಉತ್ತರಗಳನ್ನು ಹೇಳಿಕೊಟ್ಟರು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ತನಗೆ ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟು ಎದ್ದು ಬಂದಳು. ನಾಲ್ಕು ಅಂಕದಲ್ಲಿ ಫೇಲು. ನಾನು ಆಡಳಿತದವರಿಗೆ ಲಿಖಿತ ದೂರು ಕೊಟ್ಟೆ. ಜೂನ್ ಒಂದಕ್ಕೆ ನನಗೇ ವರ್ಗ, 41 ಕಿಲೋಮೀಟರ್ ದೂರಕ್ಕೆ. ಪ್ರೈವೇಟ್ ಬಸ್ಸಿಗೆ ಹೋಗಿಬರಲು ದಿನಕ್ಕೆ 84 ರೂಪಾಯಿ, ತಿಂಗಳಿಗೆ 24 ದಿನ, ಮೂರು ವರ್ಷ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದ ದಿನ ಅರ್ಧ ದಿನದ ರಜೆ ಕಡಿತ. ಬೆನ್ನುಮೂಳೆಯ ಡಿಸ್ಕ್ ಜರುಗಿದ್ದೂ ಆ ಬಸ್ಸಿನಲ್ಲೇ. ಆ ಹುಡುಗಿಯ ತಂದೆ ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. 2024ರಲ್ಲಿ ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಾವಲು) ಬಂದು, ಕೃಪಾಂಕ ಹೆಚ್ಚಿಸಿದ ಮೇಲೂ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತಲ್ಲ, ಆ ದಿನ ಪೇಪರ್ ಹಿಡಿದುಕೊಂಡು ಕೂತು ಅತ್ತೆ.

ಉಪದೇಶಿ, ಬೆಂಗಳೂರು:
ಟೀಚರ್ ಅವರ ಬಗ್ಗೆ ಗೌರವ ಇದೆ, ಆದರೆ ಅವರು ಹೇಳಿದ ದಾರಿ ತಪ್ಪು. ಸಂದರ್ಭಗಳ ಹುಚ್ಚು ನನಗೂ ಹಿಡಿದಿತ್ತು. 48 ಕಾರ್ಡ್ ಬರೆಸಿ ಲ್ಯಾಮಿನೇಷನ್ ಮಾಡಿಸಿದೆ, ಒಂದಕ್ಕೆ 22ರಂತೆ 1,056 ರೂಪಾಯಿ. ಪ್ರೊಜೆಕ್ಟರ್ ಬಾಡಿಗೆ 700ರಂತೆ ನಾಲ್ಕು ಭಾನುವಾರ, 2,800. ಒಟ್ಟು 3,856. ವೋಚರ್ ಮೂರು ಸಲ ಕೊಟ್ಟೆ, ಒಂದು ರೂಪಾಯಿ ಬರಲಿಲ್ಲ. ಒಂದು ಕಾರ್ಡಿನಲ್ಲಿ ರೈಲು ಹಳಿಯ ಕಥೆ: ಐದು ಜನರನ್ನು ಉಳಿಸಲು ಒಬ್ಬನ ಮೇಲೆ ಬಂಡಿ ತಿರುಗಿಸಬಹುದಾ ಅಂತ. ಕೈ ಎತ್ತಿಸಿದೆ. 31 ಮಕ್ಕಳು ಹೌದು ಅಂದರು, ಆರು ಮಕ್ಕಳು ಇಲ್ಲ ಅಂದರು. ಆಮೇಲೆ ಒಬ್ಬ ಬಂದು 'ಹಾಗಾದ್ರೆ ಜಾಸ್ತಿ ಜನ ಒಪ್ಪಿದ್ದೇ ಸರಿ ಅಲ್ವಾ ಸಾರ್' ಅಂದ. ನನ್ನ ಕೈಕಾಲು ತಣ್ಣಗಾಯಿತು. ಒಳಿತಾಗಲಿ ಅಂತ ಕೆಡುಕು ಮಾಡುವಂತಿಲ್ಲ ಎಂದು ಬೈಬಲ್‌ನಲ್ಲಿ ಸಂತ ಪೌಲರು ರೋಮನರಿಗೆ ಬರೆದದ್ದನ್ನು ಕಲಿಸಬೇಕಾದ ಜಾಗದಲ್ಲಿ ನಾನು ಓಟು ಹಾಕಿಸಿದ್ದೆ.

ಮಾರನೇ ವಾರದಿಂದ ಕಟ್ಟಳೆಗೆ ವಾಪಸ್. ಏಳನೆಯದಕ್ಕೆ, ಕದಿಯಬೇಡ ಅನ್ನುವುದಕ್ಕೆ, ಬೈಬಲ್‌ನ ಸುಂಕದವ ಜಕ್ಕಾಯನ ಕಥೆ ಹೇಳಿದೆ. ಕದ್ದದ್ದಕ್ಕೆ ಪಶ್ಚಾತ್ತಾಪ ಪಟ್ಟರೆ ಸಾಲದು, ಹಿಂದಕ್ಕೆ ಕೊಡಬೇಕು, ಅವನು ನಾಲ್ಕರಷ್ಟು ಕೊಡುತ್ತೇನೆ ಎಂದ. ಬೇಕರಿಯಲ್ಲಿ ರಜಾ ದಿನ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಗಲ್ಲಾದಿಂದ ತೆಗೆದಿದ್ದ 340 ರೂಪಾಯಿಯನ್ನು ವಾರಕ್ಕೆ 50ರಂತೆ ಮಾಲೀಕರಿಗೆ ತಾನಾಗಿ ಕೊಟ್ಟು ತೀರಿಸಿದ. ಕೊನೆಯ ವಾರ 40. ಅದು ನನ್ನ ಇಡೀ ಬದುಕಿನ ಸಂಪಾದನೆ. ಮಕ್ಕಳ ಕೈಗೆ ಮನಸ್ಸಾಕ್ಷಿ ಕೊಟ್ಟು ಕಟ್ಟಳೆ ಕಿತ್ತುಕೊಂಡರೆ ಎಲ್ಲರೂ ವಕೀಲರಾಗುತ್ತಾರೆ.

ನಿವೃತ್ತ ಟೀಚರ್, ಶಿವಮೊಗ್ಗ:
ಕಟ್ಟಳೆ ಕಿತ್ತುಕೊಳ್ಳಿ ಅಂತ ನಾನು ಎಲ್ಲಿ ಹೇಳಿದೆ ಉಪದೇಶಿಗಳೇ? ಮನಸ್ಸಾಕ್ಷಿಯನ್ನು ರೂಪಿಸಬೇಕು ಅಂತ ಕ್ಯಾಟಿಕಿಸಂ 1783 ಹೇಳುತ್ತದೆ, ಅದರ ಖಚಿತ ತೀರ್ಪಿಗೆ ವಿಧೇಯರಾಗಲೇಬೇಕು ಅಂತ 1790. ಅದೇ ನಮ್ಮ ಕೆಲಸ. ಓಟು ಹಾಕಿಸಿದ್ದು ನೀವು. ನಿಮ್ಮ ಪಾಠ ಕೆಟ್ಟದ್ದಕ್ಕೆ ಸಂದರ್ಭಗಳನ್ನು ಯಾಕೆ ಬೈಯುತ್ತೀರಿ?

ಕಡಲತೀರ, ಮಂಗಳೂರು ಕಡೆ:
ಮಕ್ಕಳು ಎಡವುವುದು 'ಮನಸ್ಸಾಕ್ಷಿ' ಅನ್ನುವ ಪದದಲ್ಲೇ. 'ಮನಸ್ಸಿಗೆ ಅನ್ನಿಸಿದ್ದು' ಅಂತ ತಿಳಿಯುತ್ತಾರೆ. ನಾನು ಸಾಕ್ಷಿ ಅನ್ನುವ ಕಡೆಯಿಂದ ಹಿಡಿಯುತ್ತಿದ್ದೆ. ಕೋರ್ಟಿನಲ್ಲಿ ಸಾಕ್ಷಿ ತನಗೆ ಇಷ್ಟ ಬಂದದ್ದನ್ನು ಹೇಳುವ ಹಾಗಿಲ್ಲ, ಇದ್ದದ್ದನ್ನು ಹೇಳಬೇಕು. ನಮ್ಮ ಕೊಂಕಣಿ ದೊತೊರ್ನ್‌ನಲ್ಲಿ (ಧರ್ಮೋಪದೇಶದಲ್ಲಿ) ಮನಸ್ಸಾಕ್ಷಿಗೆ 'ಅಂತಸ್ಕರ್ನ್' ಅಂದರೆ ಈ ತೊಂದರೆ ಇರಲಿಲ್ಲ.

ಆದರೆ ನಾನು ಬರೆಯಲು ಬಂದದ್ದು ಪೆಟ್ಟಿಗೆಯ ವಿಷಯ. ದಯವಿಟ್ಟು ಇಡಬೇಡಿ. ನಾನು ಶೂ ಡಬ್ಬಕ್ಕೆ ಬಣ್ಣದ ಕಾಗದ ಅಂಟಿಸಿ, 'ಇದರಲ್ಲಿ ಬರೆದದ್ದು ನನ್ನಲ್ಲೇ ಉಳಿಯುತ್ತದೆ' ಅಂತ ಮೇಲೆ ಬರೆದಿದ್ದೆ. ಮೂರನೇ ವಾರ ಒಂದು ಚೀಟಿ ಬಂತು. ಮನೆಯೊಳಗಿನ ಒಬ್ಬ ದೊಡ್ಡವನ ಬಗ್ಗೆ. ಅಕ್ಷರ ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು. ಎರಡು ರಾತ್ರಿ ನಿದ್ದೆ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧದ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ತಿಳಿಸಲೇಬೇಕು, ಮುಚ್ಚಿಟ್ಟರೆ 21ರಲ್ಲಿ ಶಿಕ್ಷೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಆಮೇಲಿನದ್ದು ಹೇಳಿ ಮುಗಿಯದು. ಹೇಳಿಕೆಗೆ, ಕೋರ್ಟಿಗೆ ಅಂತ ಏಳು ದಿನದ ಸಂಬಳ ಹೋಯಿತು, ದಿನಕ್ಕೆ 800ರಂತೆ 5,600. ಆ ಮನೆಯವರು ಪೂಜೆಯಲ್ಲಿ ಶಾಂತಿ ಕೋರುವಾಗಲೂ ನನ್ನ ಕಡೆ ತಿರುಗುವುದಿಲ್ಲ. ಮಗು ಕ್ಲಾಸಿಗೆ ಬರುವುದು ನಿಲ್ಲಿಸಿತು. 'ಸ್ವಲ್ಪ ವಿಶ್ರಾಂತಿ ತಗೊಳ್ಳಿ' ಅಂತ ಹೇಳಿ ನನ್ನನ್ನು ಕ್ಲಾಸಿನಿಂದ ತೆಗೆದರು. ಮತ್ತೆ ಅಂಥದ್ದೇ ಬಂದರೆ ಮತ್ತೆ ಫೋನ್ ಮಾಡುತ್ತೇನೆ.

ಉಪದೇಶಿ, ಬೆಂಗಳೂರು:
ಫೋನ್ ಮಾಡಿದ್ದು ಸರಿ. ಆದರೆ ಮಾತು ಕೊಟ್ಟು ಮುರಿದಿರಿ ಅಕ್ಕ. ಸುಳ್ಳು ಹೇಳಬೇಡ ಅನ್ನುವ ಎಂಟನೇ ಕಟ್ಟಳೆ ಕಲಿಸುವವರು ಡಬ್ಬದ ಮೇಲೆ ಹಾಗೆ ಬರೆಯಬಾರದಿತ್ತು.

ಕಡಲತೀರ, ಮಂಗಳೂರು ಕಡೆ:
ಬರೆಯಬಾರದಿತ್ತು ಅಂತಲೇ ನಾನು ಇಷ್ಟುದ್ದ ಹೇಳಿದ್ದು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳಬಾರದೆಂಬ ಗುಟ್ಟಿನ ಮುದ್ರೆ ಇರುವುದು ಗುರುಗಳಿಗೆ, ನನಗಲ್ಲ. ನನ್ನ ಮಾತು ಉಳಿಸಿಕೊಳ್ಳಲು ಆ ಮಗುವನ್ನು ಅದೇ ಮನೆಯಲ್ಲಿ ಬಿಡಬೇಕಿತ್ತಾ? 340 ರೂಪಾಯಿಯ ಬೇಕರಿ ಕಥೆ ಹೇಳಿಕೊಂಡು ಓಡಾಡುವವರಿಗೆ ಆ ಎರಡು ರಾತ್ರಿ ಅರ್ಥ ಆಗುವುದಿಲ್ಲ.

ಹಾಸನದ ಅಪ್ಪ:
ನಾನು ಕಲಿಸುವವನಲ್ಲ, ನಿಮ್ಮಂಥವರ ಹತ್ತಿರ ಮಗಳನ್ನು ಕಳಿಸಿದವನು. 2019ರಲ್ಲಿ ನಮ್ಮಪ್ಪ 11 ದಿನ ವೆಂಟಿಲೇಟರ್ ಮೇಲಿದ್ದರು. ಐಸಿಯು ದಿನಕ್ಕೆ 27,000, ಔಷಧಿ ಬೇರೆ, ಒಟ್ಟು 3,87,000. ಹೆಂಡತಿಯ ಒಡವೆ ಗಿರವಿ ಇಟ್ಟೆ, 14 ಗುಂಟೆ ಮಾರಿದೆ. ಮಿದುಳಿನಲ್ಲಿ ಏನೂ ಉಳಿದಿಲ್ಲ, ಇನ್ನು ಚಿಕಿತ್ಸೆಯಿಂದ ಪ್ರಯೋಜನ ಇಲ್ಲ ಅಂತ ಇಬ್ಬರು ಡಾಕ್ಟರು ಹೇಳಿದ ಮೇಲೆ ಸಹಿ ಹಾಕಿದೆ. ಚರ್ಚಿನ ಸ್ವಾಮಿಗಳು ಬಂದು ಅಭ್ಯಂಗ ಸಂಸ್ಕಾರ (ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಟ್ಟರು. ಮನೆಗೆ ತಂದ ಆರನೇ ಗಂಟೆಗೆ ಅಪ್ಪ ಹೋದರು. ಎರಡು ತಿಂಗಳ ಮೇಲೆ ಹತ್ತನೇ ಕ್ಲಾಸಿನ ಮಗಳು ಧರ್ಮೋಪದೇಶದಿಂದ ಬಂದವಳು, 'ವೆಂಟಿಲೇಟರ್ ತೆಗೆಸೋದು ಕೊಲ್ಲಬೇಡ ಅನ್ನೋ ಐದನೇ ಕಟ್ಟಳೆ ಮುರಿದ ಹಾಗಂತೆ ಅಪ್ಪ' ಅಂದಳು. ಕ್ಲಾಸಿನಲ್ಲಿ ಯಾರೂ ಒಂದು ಪ್ರಶ್ನೆ ಕೇಳಲು ಬಿಟ್ಟಿರಲಿಲ್ಲ. ಎಂಟು ತಿಂಗಳು ಅವಳು ನಾನು ಬಡಿಸಿದ್ದನ್ನು ಉಣ್ಣಲಿಲ್ಲ.

ತಪಸ್ಸುಕಾಲದ ಪ್ರವಚನಕ್ಕೆ ಬೇರೆ ಊರಿಂದ ಬಂದಿದ್ದ ಗುರುಗಳೊಬ್ಬರು ಅವಳನ್ನು ಪಕ್ಕ ಕೂರಿಸಿಕೊಂಡು ಕ್ಯಾಟಿಕಿಸಂ 2278 ಓದಿಸಿದರು. ಫಲಕ್ಕೆ ಮೀರಿದ ಭಾರದ ಚಿಕಿತ್ಸೆ ನಿಲ್ಲಿಸಬಹುದು, ಅಲ್ಲಿ ಸಾವನ್ನು ಬಯಸುವುದಿಲ್ಲ, ತಡೆಯಲಾಗದ್ದನ್ನು ಒಪ್ಪಿಕೊಳ್ಳುತ್ತೇವೆ, ಅಷ್ಟೇ. ಅದು 1992ರಿಂದ ಪುಸ್ತಕದಲ್ಲೇ ಇದೆ. ಒಂದು ಪುಟ ತಿರುಗಿಸದೆ ನನ್ನ ಮಗಳ ಕಣ್ಣಲ್ಲಿ ನನ್ನನ್ನು ಕೊಲೆಗಾರ ಮಾಡಿದರು. ಕಟ್ಟಳೆ ಮೊದಲು ಅನ್ನುವ ಉಪದೇಶಿಗಳು ಇದಕ್ಕೆ ಉತ್ತರ ಕೊಡಲಿ.

ಉಪದೇಶಿ, ಬೆಂಗಳೂರು:
ಅಣ್ಣ, ನಿಮ್ಮ ನೋವಿಗೆ ನನ್ನ ಹತ್ತಿರ ಮಾತಿಲ್ಲ. ಆದರೆ ಅದು ಕಟ್ಟಳೆಯ ತಪ್ಪಲ್ಲ. ಐದನೆಯದನ್ನು ಪೂರ್ತಿ ಓದದೆ ಕಲಿಸಿದವರ ತಪ್ಪು.

ಸಿಎಸ್‌ಐ ಯುವಕ, ಮೈಸೂರು:
ನರಹತ್ಯೆ ಆರನೇ ಆಜ್ಞೆ ಅಲ್ಲವೇ? ನಮ್ಮ ಪ್ರೊಟೆಸ್ಟೆಂಟ್ ಸಭೆಯಲ್ಲಿ ಹಾಗೇ ಎಣಿಸುವುದು. ಎಲ್ಲರೂ ಐದು ಅಂತಿದ್ದೀರಿ. ವಿಗ್ರಹದ ಆಜ್ಞೆಯನ್ನು ಬಿಟ್ಟು ಎಣಿಸಿದರೆ ಹೀಗೇ ಆಗುತ್ತದೆ.

ಉಪದೇಶಿ, ಬೆಂಗಳೂರು:
ಬಿಟ್ಟಿಲ್ಲ ತಮ್ಮಾ, ಮೊದಲನೆಯದರಲ್ಲೇ ಸೇರಿದೆ. ಬೈಬಲ್‌ನ ವಿಮೋಚನಕಾಂಡ 20ನೇ ಅಧ್ಯಾಯದಲ್ಲಿ ಆಜ್ಞೆಗಳಿಗೆ ಸಂಖ್ಯೆ ಹಾಕಿಲ್ಲ. ನಮ್ಮದು ಸಂತ ಅಗಸ್ಟೀನರ ಎಣಿಕೆ, ಪ್ರೊಟೆಸ್ಟೆಂಟರಲ್ಲೇ ಲುಥೆರನ್ನರೂ ಹೀಗೇ ಎಣಿಸುತ್ತಾರೆ. ಅವರನ್ನೂ ಕೇಳಿ ಬಾ.

ಸಿಎಸ್‌ಐ ಯುವಕ, ಮೈಸೂರು:
ನಾನು ಕೇಳಿದ್ದು ಬೈಬಲ್ ಬಗ್ಗೆ, ಅಗಸ್ಟೀನರ ಬಗ್ಗೆ ಅಲ್ಲ. ಏಕವಚನವೂ ಬೇಡ.

ಮೂಡಿಗೆರೆ ಕಡೆಯವಳು:
ಪೆಟ್ಟಿಗೆ ಇಡುವುದಿಲ್ಲ, ಅದೊಂದು ತೀರ್ಮಾನ ಆಯಿತು. ಆದರೆ ಮೇಸ್ತ್ರಿಗೆ ಸುಳ್ಳು ಹೇಳಿದ ಹುಡುಗನಿಗೆ ಈ ಭಾನುವಾರ ಏನು ಹೇಳಲಿ?

ಉಪದೇಶಿ, ಬೆಂಗಳೂರು:
ಎಂಟನೇ ಕಟ್ಟಳೆ. ಸುಳ್ಳು ಸುಳ್ಳೇ. ಅಡ್ವಾನ್ಸ್ ವಾಪಸ್ ಕೊಡಬೇಕು.

ನಿವೃತ್ತ ಟೀಚರ್, ಶಿವಮೊಗ್ಗ:
ಕ್ಯಾಟಿಕಿಸಂ 2484 ಓದಿ. ಸುಳ್ಳು ತಪ್ಪೇ, ಆದರೆ ಅದರ ತೂಕ ಸಂದರ್ಭ, ಉದ್ದೇಶ, ಆದ ಹಾನಿ ನೋಡಿ ನಿಲ್ಲುತ್ತದೆ. ಪಾಪ ಅಂತ ಒಂದೇ ಏಟಿಗೆ ಹೇಳಿ ಕಳಿಸಿದರೆ ಅವನು ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.

ಹಾಸನದ ಅಪ್ಪ:
ಅವನ ಅಮ್ಮನಿಗೆ ಏನು ಕಾಯಿಲೆ ಅಂತ ಕೇಳಿದ್ರಾ ತಾಯಿ?

ಮೂಡಿಗೆರೆ ಕಡೆಯವಳು:
ಇಲ್ಲ, ಕೇಳಿರಲಿಲ್ಲ. ನಾಳೆ ಸಂಜೆ ಲೈನ್‌ಮನೆ ಕಡೆ ಹೋಗುತ್ತೇನೆ.

ಉಪದೇಶಿ, ಬೆಂಗಳೂರು:
ನನ್ನ 48 ಕಾರ್ಡು ಇನ್ನೂ ಬೀರುವಿನಲ್ಲೇ ಇವೆ. ವಿಳಾಸ ಖಾಸಗಿಯಾಗಿ ಕಳಿಸಿ, ಅಂಚೆ ಖರ್ಚು ನಂದೇ. ಟೀಚರ್ ಏನಾದರೂ ಅನ್ನಲಿ, ರೈಲು ಹಳಿಯ ಕಾರ್ಡು ಮಾತ್ರ ತೆಗೆದಿಟ್ಟುಕೊಳ್ಳುತ್ತೇನೆ.