ಅಪ್‌ಡೇಟ್: ಫೊರೆನ್ಸಿಕ್ ಎಂಎಸ್ಸಿ ಮೇಷ್ಟ್ರುಗಳನ್ನ ನೋಡಿ ಬಂದ್ವಿ
ತಂಗಿಗೆ ಫೊರೆನ್ಸಿಕ್ ಎಂಎಸ್ಸಿಗೆ ಪುಣೆಯ ಕಾಲೇಜೊಂದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ. ಬಿಲ್ಡಿಂಗ್ ಬಿಡಿ, ಪಾಠ ಮಾಡೋರನ್ನ ನೋಡಿ ಅಂದಿದ್ರಿ. ನಿನ್ನೆ ಹೋಗಿದ್ವಿ.

ಟಾಕ್ಸಿಕಾಲಜಿ (ವಿಷಶಾಸ್ತ್ರ) ಮೇಡಂ ಸರ್ಕಾರಿ ಲ್ಯಾಬಿಂದ ರಿಟೈರ್ ಆದವರು, ಧಾರವಾಡ ಕಡೆಯವರು. ವಿಷದ ಕೇಸಲ್ಲಿ ಸತ್ತವರ ಹೊಟ್ಟೆ, ಲಿವರ್‌ನ ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿ ಇಡ್ತಾರಾ ಅಂತ ತಂಗಿ ಕೇಳಿದ್ಲು. "ಅದು ಗಟ್ಟಿಯಾತು ಅಂದ್ರ ವಿಷ ಹೆಂಗ ತಗೀತಿ? ಉಪ್ಪುನೀರು ಹಾಕ್ಬೇಕು" ಅಂತ ನಕ್ಕು, ಜಾಡಿ ತಂದು ತಳದಲ್ಲಿ ಕರಗದೆ ಉಳಿದಿದ್ದ ಉಪ್ಪು ತೋರಿಸಿದ್ರು; ನೀರು ಇನ್ನು ಹಿಡಿಯದಷ್ಟು ಉಪ್ಪು ಹಾಕಿರ್ತಾರೆ. ಅಲ್ಲಿಗೇ ಅವಳು ಫಿದಾ.

ಉಳಿದದ್ದು ಅಷ್ಟಕ್ಕಷ್ಟೆ. ಡಿಎನ್‌ಎ, ಸೈಬರ್ ಎರಡಕ್ಕೂ ಗೆಸ್ಟ್ ಲೆಕ್ಚರರ್. ಬ್ರೋಷರ್‌ನಲ್ಲಿರೋ ಕೈಬರಹ ತಜ್ಞರು ಕೆಲಸ ಬಿಟ್ಟು ಎರಡು ವರ್ಷ ಆಯ್ತಂತೆ!

ಮುಂದಿನ ವಾರ ರಾಷ್ಟ್ರೀಯ ಫೊರೆನ್ಸಿಕ್ ವಿವಿಯ ಗೋವಾ ಕ್ಯಾಂಪಸ್‌ಗೆ ಹೋಗ್ತೀವಿ. ಊಟದ ಹೊತ್ತಲ್ಲಿ ಅಮ್ಮನಿಗೆ ಜಾಡಿ ಕಥೆ ಹೇಳಬಾರದಿತ್ತು.