ಅಪ್‌ಡೇಟ್: ಖಾಲಿ ಸೈಟಿನ ಹುಡುಗರ ವಿಷಯ

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ದಾವಣಗೆರೆಯಲ್ಲಿ ನಮ್ಮ ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಹುಡುಗರು ನಶೆಗೆ ಅಂತ ಪಂಕ್ಚರ್ ಸಲ್ಯೂಷನ್ ಮೂಸುತ್ತಾರೆ, ನನ್ನ ತಮ್ಮನ ಫ್ರೆಂಡೂ ಅದರಲ್ಲಿದ್ದಾನೆ, ಏನು ಮಾಡಲಿ ಅಂತ.

ಬಹಳ ಜನ 14446ಕ್ಕೆ, ಅಂದರೆ ನಶೆ ಬಿಡಿಸೋ ಸರ್ಕಾರಿ ಸಹಾಯವಾಣಿಗೆ, ಫೋನ್ ಮಾಡು ಅಂದಿರಿ. ಮಾಡಿದೆ. ದುಡ್ಡೂ ಇಲ್ಲ, ಬೈಗುಳವೂ ಇಲ್ಲ. ಮನೆಯವರಿಗೆ ತಿಳಿಸಿ, ಹೊಡೆಯೋದು ಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದರು. ಹೇಳೋದು ಸುಲಭ! ತಮ್ಮನ ಫ್ರೆಂಡಿನ ಅಮ್ಮ ಮೊದಲು ನನ್ನನ್ನೇ ಬೈದರು. ಎರಡು ದಿನ ಬಿಟ್ಟು ಕರೆದು, ಅವನ ದಿಂಬಿನ ಕೆಳಗೆ ಸಿಕ್ಕ ಕರ್ಚೀಫು ತೋರಿಸಿದರು. ಅಂಟು ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಒಂದು ಮಾತೂ ಆಡಲಿಲ್ಲ ಪಾಪ.

ಡಾಕ್ಟರು ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. ಇದನ್ನು ಮೂಸಿದರೆ ಮೊದಲ ಸಲವೇ ಹೃದಯ ನಿಂತುಹೋಗಬಹುದಂತೆ, ದಿನಾ ಮೂಸಿದರೆ ಮಿದುಳು ಹಾಳಾಗುತ್ತದಂತೆ.

ಆಮೇಲೆ ಗುಡಿ ಕಟ್ಟೆ ಮೇಲೆ ಮೀಟಿಂಗು. ಹಿರಿಯರು ಒಂದು ಗಂಟೆ ಭಾಷಣ ಬಿಗಿದರು, ಮಂಡಕ್ಕಿ ಮಿರ್ಚಿ ಖಾಲಿಯಾಯಿತು, ಕೆಲಸ ಏನೂ ಆಗಲಿಲ್ಲ. ಮಾಡಿದ್ದು ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರು. ಜಾಲಿ ಮುಳ್ಳು ಕಡಿದು, ಓನರ್‌ನ ಒಪ್ಪಿಸಿ, ವಾಲಿಬಾಲ್ ನೆಟ್ ಕಟ್ಟಿದರು. ಅಂಗಡಿಯಣ್ಣನ ಹತ್ತಿರ ಅವರೇ ಹೋಗಿ, 'ಅಣ್ಣಾ, ಸೈಕಲ್ ಇಲ್ಲದವರಿಗೆ ಸಲ್ಯೂಷನ್ ಕೊಡಬೇಡಿ' ಅಂದರಂತೆ. ಗಾಂಜಾ ತರುತ್ತಿದ್ದವನೊಬ್ಬನ ಬಗ್ಗೆ ಡ್ರಗ್ಸ್ ದೂರು ಕೊಡೋ ಸರ್ಕಾರಿ ನಂಬರ್ 1933ಕ್ಕೆ ಹೇಳಿದ್ದೇವೆ, ಹೆಸರು ಗುಟ್ಟಾಗಿ ಇಡುತ್ತಾರೆ.

ಆ ಹುಡುಗ ನಡುವೆ ಒಂದು ಸಲ ಮತ್ತೆ ಮೂಸಿದ, ತಾನೇ ಬಂದು ಹೇಳಿದ. ನಿನ್ನೆ ಸಂಜೆ ಸರ್ವಿಸ್ ಮಾಡಿದ ಬಾಲು ನೇರ ನಮ್ಮ ಹಂಚಿನ ಮೇಲೆ ಬಿತ್ತು. ಎರಡು ಹಂಚು ಹೋದವು.