ಮೊಲ ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು?

ಪ್ರಶ್ನೆ:
ಮೊಲದ ಮಾಂಸವನ್ನು ಮೂಳೆ ಸಮೇತ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೇಲೆ ಒಂದೂವರೆ ಲೀಟರ್ ಎಣ್ಣೆ ಉಳಿಯುತ್ತದೆ. ಮತ್ತೆ ಎಷ್ಟು ಸಲ ಕಾಯಿಸಬಹುದು? ಹೊಸ ಎಣ್ಣೆ ಬೆರೆಸಿದರೆ ಸರಿಹೋಗುತ್ತದೆಯೇ? ಮಾಂಸವೂ ಹೊರಗೆ ಕೆಂಪಾದರೂ ಮೂಳೆಯ ಬಳಿ ಹಸಿ. ಒಳಗೆ ಬೇಯುವಷ್ಟರಲ್ಲಿ ನಾರು. ಇನ್ನೊಂದು ಮಾತು: ಕ್ರಿ.ಶ. 600ರ ಸುಮಾರಿಗೆ ಪೋಪ್ ಒಬ್ಬರು, ಮಾಂಸ ಬಿಟ್ಟು ಮೀನು ತಿನ್ನಬಹುದಾದ ಉಪವಾಸದ ದಿನಗಳಿಗೆಂದು, ಮೊಲದ ಮರಿಯನ್ನು ಮೀನಿನ ಲೆಕ್ಕಕ್ಕೆ ಸೇರಿಸಿದ್ದರಿಂದಲೇ ಮೊಲ ಸಾಕಣೆ ಶುರುವಾಯಿತಂತೆ, ಹೌದೇ?

ಉತ್ತರ 1:
ಸಲದ ಲೆಕ್ಕ ಬಿಡಿ. ಮಾಂಸದ ನೀರು ಎಣ್ಣೆಯನ್ನು ಒಡೆದು ಬಿಡಿ ಕೊಬ್ಬಿನಾಮ್ಲ ಹೆಚ್ಚಿಸುತ್ತದೆ, ಆಗ ಕಡಿಮೆ ಉಷ್ಣಾಂಶಕ್ಕೇ ಹೊಗೆ ಬರುತ್ತದೆ. ಗಾಳಿ ಮತ್ತು ಶಾಖದಿಂದ ಎಣ್ಣೆ ಜಿಗುಟಾಗುತ್ತದೆ. ಉದುರಿದ ಹಿಟ್ಟು ತಳದಲ್ಲಿ ಸುಟ್ಟು ಕಹಿ ಬಿಡುತ್ತದೆ. ಆದ್ದರಿಂದ ಮಾಂಸವನ್ನು ಬಟ್ಟೆಯಿಂದ ಒರೆಸಿ, ಹೆಚ್ಚಿನ ಹಿಟ್ಟು ಕೊಡವಿ, 180 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಕರಿದಾದ ಮೇಲೆ ಆರಲು ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟಲಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಕಬ್ಬಿಣ, ತಾಮ್ರದ ಪಾತ್ರೆಯಲ್ಲಿ ಬಿಡಬೇಡಿ, ಆ ಲೋಹಗಳು ಎಣ್ಣೆ ಕಮಟಾಗುವುದನ್ನು ಚುರುಕುಗೊಳಿಸುತ್ತವೆ.

ಬಣ್ಣವೊಂದನ್ನೇ ನಂಬಬೇಡಿ, ಹಿಟ್ಟು ಬಿದ್ದರೂ ಕಪ್ಪಾಗುತ್ತದೆ. ಆರದ ನೊರೆ, ಅಂಟು, ಕಮಟು ವಾಸನೆ, ಕರಿಯುವ ಉಷ್ಣಾಂಶದಲ್ಲೇ ಹೊಗೆ: ಇವುಗಳಲ್ಲಿ ಒಂದು ಕಂಡರೂ ಚೆಲ್ಲಬೇಕು, ಸಿಂಕಿಗಲ್ಲ. ಹೊಸ ಎಣ್ಣೆ ಬೆರೆಸಿದರೆ ಕೆಟ್ಟದ್ದು ತೆಳುವಾಗುತ್ತದೆಯೇ ಹೊರತು ಹೋಗುವುದಿಲ್ಲ. ಹೊಸದೂ ಬೇಗ ಕೆಡುತ್ತದೆ. ಹೋಟೆಲುಗಳಿಗೆ ಹಲವು ದೇಶಗಳಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳ (ಎಣ್ಣೆ ಕೆಟ್ಟಂತೆ ಹೆಚ್ಚುವ ವಸ್ತುಗಳು) ಮಿತಿ ಶೇ. 25ರ ಆಸುಪಾಸು. ಮನೆಯಲ್ಲಿ ಅದನ್ನು ಅಳೆಯುವವರು ಯಾರೂ ಇಲ್ಲ, ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ.

ಉತ್ತರ 2:
ಮೊಲದಲ್ಲಿ ಕೊಬ್ಬು ತೀರಾ ಕಡಿಮೆ, ತೊಡೆಯಲ್ಲಿ ನಾರು ಜಾಸ್ತಿ. ಹಸಿಯಾಗಿಯೇ ಜೋರು ಉರಿಗೆ ಬಿಟ್ಟರೆ ನೀವು ಹೇಳಿದ ಹಾಗೇ ಆಗುತ್ತದೆ. ತೊಡೆಗಳನ್ನು ಉಪ್ಪುನೀರಿನಲ್ಲಿ ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ, ಚಾಕು ಸಲೀಸಾಗಿ ಇಳಿಯುವವರೆಗೆ ಬೇಯಿಸಿ, ಆರಿಸಿ, ಒರೆಸಿ, 175 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಕರಿಯಿರಿ. ಸೊಂಟದ ಮಾಂಸ ಬೇಗ ಬೇಯುತ್ತದೆ, ಅದನ್ನು ಪ್ರತ್ಯೇಕ ಮಾಡಿ. ಹಸಿಯಾಗಿಯೇ ಕರಿಯುವುದಾದರೆ ಸಣ್ಣ ತುಂಡು, 160 ಡಿಗ್ರಿ. ಮೂಳೆಯ ಪಕ್ಕ ಥರ್ಮಾಮೀಟರ್ 71 ತೋರಿಸಬೇಕು. ಬೇಟೆಯ ಮೊಲವಾದರೆ ಕೈಗವಸು ಹಾಕಿಯೇ ಚರ್ಮ ಸುಲಿಯಿರಿ, ಕಾಡುಮೊಲಗಳಿಂದ ಬರುವ ಟುಲರೇಮಿಯಾ ಎಂಬ ಬ್ಯಾಕ್ಟೀರಿಯಾ ರೋಗ ಗಾಯದ ಮೂಲಕವೂ ಅಂಟುತ್ತದೆ.

ಉತ್ತರ 3:
ಪೋಪ್ ಕಥೆ ಸುಳ್ಳು. 2018ರಲ್ಲಿ ಸಂಶೋಧಕರು ಮೂಲ ಹುಡುಕಿದಾಗ ಪೋಪ್ ಗ್ರೆಗರಿಯ ಅಂಥ ಆಜ್ಞೆಯೇ ಸಿಗಲಿಲ್ಲ. ಅದೇ ಹೆಸರಿನ, ಫ್ರಾನ್ಸಿನ ಟೂರ್ಸ್ ಊರಿನ ಬಿಷಪ್, ಉಪವಾಸದ ದಿನಗಳಲ್ಲಿ ಮೊಲದ ಮರಿ ತಿಂದವನೊಬ್ಬನ ಬಗ್ಗೆ ಬರೆದಿದ್ದರು, ಅಷ್ಟೆ. ಅನುಮತಿಯ ಮಾತೇ ಅಲ್ಲಿಲ್ಲ. ಇಬ್ಬರು ಗ್ರೆಗರಿಗಳು ಕಲಸಿಹೋಗಿದ್ದಾರೆ. ತಿನ್ನುವುದಂತೂ ಬಹಳ ಹಳೆಯದು: ಬಸಿರು ಸೀಳಿ ತೆಗೆದ ಅಥವಾ ಇನ್ನೂ ಹಾಲು ಕುಡಿಯುವ ಮರಿಗಳನ್ನು ಕರುಳೂ ತೆಗೆಯದೆ ಇಷ್ಟಪಟ್ಟು ತಿನ್ನುತ್ತಿದ್ದರೆಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಸಾಕುಮೊಲದ ಮೂಲಜಾತಿ ಐಬೀರಿಯಾ (ಸ್ಪೇನ್, ಪೋರ್ಚುಗಲ್) ಕಡೆಯದು. ಪಳಗಿದ್ದು ಒಂದು ದಿನದ ಆಜ್ಞೆಯಿಂದಲ್ಲ, ನಿಧಾನವಾಗಿ.

ಪ್ರಶ್ನೆ ಕೇಳಿದವರು:
ಬೇಯಿಸಿದ ತೊಡೆ ಎಣ್ಣೆಗೆ ಇನ್ನೂ ಹೆಚ್ಚು ನೀರು ಬಿಡುವುದಿಲ್ಲವೇ?

ಉತ್ತರ 2:
ಒದ್ದೆ ಇದ್ದರೆ ಬಿಡುತ್ತದೆ, ಸಿಡಿಯುತ್ತದೆ ಕೂಡ. ಜಾಲರಿಯ ಮೇಲಿಟ್ಟು ಮುಚ್ಚದೆ ಫ್ರಿಜ್‌ನಲ್ಲಿ ಒಂದು ಗಂಟೆ ಬಿಡಿ. ಹಿಟ್ಟು ಹಚ್ಚುವುದು ಆಮೇಲೆ.